1923ರ ವಿನಿಮಯದಲ್ಲಿ ‘ಗ್ರೀಕ’ ಎಂದರೆ ಯಾರು? ಗೊಂದಲ ಬಿಡಿಸುವ ಟಿಪ್ಪಣಿ

1923ರಲ್ಲಿ ಗ್ರೀಸ್ ಮತ್ತು ಟರ್ಕಿ ಒಪ್ಪಂದ ಮಾಡಿಕೊಂಡು ತಮ್ಮಲ್ಲಿನ ಜನರನ್ನು ಕಡ್ಡಾಯವಾಗಿ ಅದಲುಬದಲು ಮಾಡಿದವು; ಅದೇ ಇಲ್ಲಿನ ‘ವಿನಿಮಯ’. ಈ ಪಾಠದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ‘ಗ್ರೀಕ’ ಎಂದ ಕೂಡಲೇ ಗ್ರೀಕ್ ಭಾಷೆ ಆಡುವವನು ಎಂದುಕೊಂಡು ಓದುತ್ತೇವೆ. ಹಾಗೆ ಓದಿದರೆ ಮುಂದಿನ ಒಂದು ಲೆಕ್ಕವೂ ಕೂಡುವುದಿಲ್ಲ.

ನೆಲೆಗಳು (ಬೇಗ ಮುಗಿಸೋಣ)

ಈ ‘ಗ್ರೀಕ’ರು ಇದ್ದ ನೆಲೆಗಳಲ್ಲಿ ಇಂದಿನ ಟರ್ಕಿಯ ಮೂರು ಸೀಮೆ ನೆನಪಿಟ್ಟರೆ ಸಾಕು: ಏಜಿಯನ್ ಕರಾವಳಿ, ಕಪ್ಪು ಸಮುದ್ರದ ತೆಂಕಣ ದಂಡೆಯ ಪೊಂಟಸ್, ಒಳನಾಡಿನ ಕಪಡೋಕಿಯ. ಏಜಿಯನ್ ಕರಾವಳಿಯ ಹಳೆಯ ಹೆಸರು ಅಯೋನಿಯ. ನಮ್ಮ ‘ಯವನ’ ಶಬ್ದದ ಬೇರು ಅಲ್ಲಿಯದೇ. ಪೊಂಟಸ್‌ನ ಟ್ರೆಬಿಜೋಂಡ್‌ನಲ್ಲಿ 1204ರಿಂದ ಪ್ರತ್ಯೇಕ ಗ್ರೀಕ್ ಸಾಮ್ರಾಜ್ಯವಿತ್ತು. ಅದು ಬಿದ್ದದ್ದು 1461ರಲ್ಲಿ, ಅಂದರೆ ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ಒಟ್ಟೊಮನ್ ತುರ್ಕರ ಕೈಗೆ ಬಿದ್ದು ಎಂಟು ವರ್ಷದ ಮೇಲೆ. 1453ಕ್ಕೇ ಎಲ್ಲ ಮುಗಿಯಿತು ಎಂದು ಬರೆಯಬೇಡಿ.

ಎಡವುವ ಹೆಜ್ಜೆ

ಗ್ರೀಸ್ ಮತ್ತು ಟರ್ಕಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಜನವಿನಿಮಯದ ಒಪ್ಪಂದಕ್ಕೆ ಸಹಿ ಹಾಕಿದ್ದು 1923ರ ಜನವರಿ 30ರಂದು. (ಜುಲೈ 24ರದು ಶಾಂತಿ ಒಪ್ಪಂದ, ಅದು ಬೇರೆ.) ಅದರ 1ನೇ ವಿಧಿಯ ಪ್ರಕಾರ ಟರ್ಕಿಯಿಂದ ಹೋಗಬೇಕಾದವರು ‘ಗ್ರೀಕ್ ಆರ್ಥೊಡಾಕ್ಸ್ ಧರ್ಮದ ಟರ್ಕಿ ಪ್ರಜೆಗಳು’, ಗ್ರೀಸ್‌ನಿಂದ ಹೋಗಬೇಕಾದವರು ‘ಮುಸ್ಲಿಂ ಧರ್ಮದ ಗ್ರೀಸ್ ಪ್ರಜೆಗಳು’. ಮೊದಲ ಮಾತನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಅಲ್ಲಿ ‘ಗ್ರೀಕ್’ ಎಂಬುದು ಧರ್ಮಕ್ಕೆ ಅಂಟಿದ ವಿಶೇಷಣ, ಮನುಷ್ಯನಿಗಲ್ಲ. ಭಾಷೆಯ ಸುದ್ದಿಯೇ ಇಲ್ಲ.

ಹೀಗೇಕೆ? ಒಟ್ಟೊಮನ್ ಆಡಳಿತ ಜನರನ್ನು ಎಣಿಸುತ್ತಿದ್ದದ್ದೇ ಮತದ ಗುಂಪುಗಳಾಗಿ. ಆರ್ಥೊಡಾಕ್ಸ್ ಕ್ರೈಸ್ತರ ಗುಂಪಿಗೆ ‘ರೂಮ್’ ಎಂಬ ಹೆಸರು, ಅಂದರೆ ‘ರೋಮಿನವರು’. 1870ರಲ್ಲಿ ಬಲ್ಗೇರಿಯನ್ನರಿಗೆ ಪ್ರತ್ಯೇಕ ಚರ್ಚ್ ಸಿಗುವ ತನಕ ಅವರೂ ಈ ‘ರೂಮ್’ ಲೆಕ್ಕದಲ್ಲೇ ಇದ್ದರು. ಒಪ್ಪಂದ ಬರೆದವರು ಆ ಹಳೆಯ ವಿಂಗಡಣೆಯನ್ನೇ ಎತ್ತಿಕೊಂಡರು.

ಹಾಗಾಗಿ ಯಾವ ಸಮುದಾಯದ ಹೆಸರು ಬಂದರೂ ಕೇಳಬೇಕಾದ ಕ್ರಮ ಇದು: ಮೊದಲು ಮತ, ಆಮೇಲೆ ಯಾವ ದೇಶದ ಪ್ರಜೆ, ಆಮೇಲೆ ಯಾವ ಊರು, ಎಂದಿನಿಂದ. ಭಾಷೆ ಕೇಳಲೇಬೇಡಿ. ಹಚ್ಚಿ ನೋಡೋಣ.

ಕರಮನ್ಲಿಗಳು: ಒಳನಾಡಿನ ಆರ್ಥೊಡಾಕ್ಸ್ ಕ್ರೈಸ್ತರು, ಮನೆಮಾತು ಟರ್ಕಿಶ್. ಆ ಟರ್ಕಿಶನ್ನೇ ಗ್ರೀಕ್ ಲಿಪಿಯಲ್ಲಿ ಬರೆದು ಪುಸ್ತಕ ಅಚ್ಚು ಹಾಕಿಸುತ್ತಿದ್ದರು. ಆ ಪುಟ ನೋಡಿ ‘ಇದು ಗ್ರೀಕ್ ಭಾಷೆ’ ಎನ್ನುವುದು, ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು ಪುಸ್ತಕ ಹಿಡಿದು ‘ಇದು ಕನ್ನಡ’ ಎಂದ ಹಾಗೆ. ಮತ ಆರ್ಥೊಡಾಕ್ಸ್ ಆದ್ದರಿಂದ ಇವರನ್ನು ಗ್ರೀಸ್‌ಗೆ ಕಳಿಸಿದರು. ಎಷ್ಟೋ ಜನಕ್ಕೆ ಅಲ್ಲಿನ ಮಾತೇ ಬರುತ್ತಿರಲಿಲ್ಲ.

ಕ್ರೀಟ್ ದ್ವೀಪದ ಮುಸ್ಲಿಮರು ಇದಕ್ಕೆ ತದ್ವಿರುದ್ಧ: ಮಾತು ಗ್ರೀಕ್, ಮತ ಇಸ್ಲಾಂ. ಅವರನ್ನು ಟರ್ಕಿಗೆ ಕಳಿಸಿದರು. ಅಲ್ಲಿನ ಏಜಿಯನ್ ಕರಾವಳಿಯ ಆಯ್ವಲಿಕ್ ಕಡೆ ನೆಲೆಸಿದವರಲ್ಲಿ ಇವರು ಬಹಳ.

ಇನ್ನು ಟ್ರಾಬ್ಜೋನ್ (ಹಳೆಯ ಟ್ರೆಬಿಜೋಂಡ್) ಸೀಮೆಯ ಓಫ್ ಕಣಿವೆಯ ಮುಸ್ಲಿಮರು. ಆಡುವುದು ರೊಮೈಕ ಎಂಬ ಗ್ರೀಕ್. ಮುಸ್ಲಿಮರು, ಇರುವುದೂ ಟರ್ಕಿಯಲ್ಲೇ, ಆದ್ದರಿಂದ ಪಟ್ಟಿಗೇ ಬರಲಿಲ್ಲ. ವಿಚಿತ್ರ ನೋಡಿ: ಅಥೆನ್ಸ್‌ನ ಗ್ರೀಕ್ ಎಂದೋ ಕಳೆದುಕೊಂಡ ಒಂದು ಹಳೆಯ ಕ್ರಿಯಾರೂಪ (ನಮ್ಮ ‘ಮಾಡಲು’, ‘ಹೋಗಲು’ ಇದ್ದಂತೆ) ಉಳಿದಿರುವುದು ಇವರ ಬಾಯಲ್ಲಿ. ನಿಷೇಧಾರ್ಥಕ್ಕೆ ಅಥೆನ್ಸ್‌ನವರು ‘ದೆನ್’ ಎಂದರೆ ಪೊಂಟಸ್ ಕಡೆ ‘ಕಿ’. ಇದು ಪ್ರಾಚೀನ ‘ಊಕ್’, ‘ಊಕಿ’ಗಳ ಸಂತತಿ. ‘ದೆನ್’ ಬಂದದ್ದು ‘ಏನೂ ಇಲ್ಲ’ ಎಂಬರ್ಥದ ‘ಊದೆನ್’ನಿಂದ.

ವಿನಾಯಿತಿ ಮತ್ತು ತಾರೀಖು

ಇಸ್ತಾಂಬುಲ್‌ನ ಗ್ರೀಕರಿಗೂ ಗ್ರೀಸ್‌ನ ಪಶ್ಚಿಮ ಥ್ರೇಸ್‌ನ ಮುಸ್ಲಿಮರಿಗೂ 2ನೇ ವಿಧಿ ವಿನಾಯಿತಿ ಕೊಟ್ಟಿತು. ಆದರೆ ಇಸ್ತಾಂಬುಲ್‌ನವರಿಗೆ ಒಂದು ಷರತ್ತು: 1918ರ ಅಕ್ಟೋಬರ್ 30ಕ್ಕೆ ಮೊದಲೇ ಅಲ್ಲಿ ‘ನೆಲೆಸಿರಬೇಕು’. ನೆಲೆಸುವುದು ಎಂದರೇನು? ಟರ್ಕಿಯ ಸ್ಥಳೀಯ ಕಾನೂನಿನ ಪ್ರಕಾರ ನೋಡಬೇಕೋ, ವಾಸ್ತವವಾಗಿ ಇದ್ದರೆ ಸಾಕೋ? ಜಗಳ ಹೇಗ್‌ನ ಕಾಯಂ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1925ರ ಫೆಬ್ರವರಿ 21ರ ಅಭಿಪ್ರಾಯದಲ್ಲಿ ನ್ಯಾಯಾಲಯ ಹೇಳಿದ್ದು: ಅದು ವಸ್ತುಸ್ಥಿತಿಯ ಪ್ರಶ್ನೆ, ಸ್ಥಿರವಾದ ವಾಸವಿದ್ದರೆ ಸಾಕು. ಇಷ್ಟರೊಳಗೆ ಆರನೇ ಕಾನ್‌ಸ್ಟಾಂಟೈನ್ ಎಂಬ ಪೇಟ್ರಿಯಾರ್ಕರನ್ನೇ (ಇಸ್ತಾಂಬುಲ್‌ನ ಆರ್ಥೊಡಾಕ್ಸ್ ಚರ್ಚಿನ ಮುಖ್ಯಸ್ಥ), ವಿನಿಮಯಕ್ಕೆ ಸೇರಿದವರೆಂದು, ಟರ್ಕಿ ಜನವರಿ ಕೊನೆಯಲ್ಲಿ ಗಡಿ ದಾಟಿಸಿ ಆಗಿತ್ತು.

ಅಂಕಿಗಳಲ್ಲೂ ಒಂದು ಬಲೆಯಿದೆ. ಗ್ರೀಸ್‌ಗೆ ಬಂದವರು ಸುಮಾರು 12 ಲಕ್ಷ. ಅವರಲ್ಲಿ ಬಹುಪಾಲು 1922ರ ಸೆಪ್ಟೆಂಬರ್‌ನಲ್ಲಿ ಸ್ಮಿರ್ನಾ (ಇಂದಿನ ಇಜ್ಮಿರ್) ಸುಟ್ಟ ಹೊತ್ತಿಗೂ ಅದರ ಆಸುಪಾಸಿನಲ್ಲೂ ಓಡಿಬಂದವರು. ಒಪ್ಪಂದದ ಮೇಲೆ ಸಾಗಿಸಿದವರು 2 ಲಕ್ಷದ ಒಳಗೆ. ಮತ್ತೆ ಅಷ್ಟೂ ಜನ ‘ವಿನಿಮಯ’ದ ಲೆಕ್ಕಕ್ಕೆ ಸೇರಿದ್ದು ಹೇಗೆ? 3ನೇ ವಿಧಿ: 1912ರ ಅಕ್ಟೋಬರ್ 18ರಿಂದೀಚೆಗೆ ಬಿಟ್ಟುಹೋದವರೂ ಒಳಗೆ. ಅಂದರೆ ಮರಳುವ ಬಾಗಿಲೂ ಮುಚ್ಚಿತು.

ಹೆಸರಿನ ಸುಳಿವು

ಅಡ್ಡಹೆಸರು ‘-ಇದಿಸ್’ ಎಂದು ಮುಗಿದರೆ ಪೊಂಟಸ್ ಕಡೆ, ‘-ಓಗ್ಲು’ ಆದರೆ ಅನಟೋಲಿಯ, ‘-ಆಕಿಸ್’ ಆದರೆ ಕ್ರೀಟ್ ಎಂದು ಊಹಿಸಬಹುದು. ಸುಳಿವು ಮಾತ್ರ, ಸಾಕ್ಷಿಯಲ್ಲ. ಊರ ಹೆಸರು ಇನ್ನೂ ಗಟ್ಟಿ: ಗ್ರೀಸ್‌ನಲ್ಲಿ ‘ನೆಆ’ (ಹೊಸ) ಸೇರಿದ ನೆಆ ಸ್ಮಿರ್ನಿ, ನೆಆ ಇಯೋನಿಯ ಇವೆಲ್ಲ ನಿರಾಶ್ರಿತರು ಹೊತ್ತು ತಂದ ಹೆಸರುಗಳು.

ಇನ್ನೊಂದು ಕಡೆ ಇದೇ ಪ್ರಶ್ನೆ

1778ರಲ್ಲಿ ರಷ್ಯಾ ಕ್ರೈಮಿಯದ ಕ್ರೈಸ್ತರನ್ನು ಎಬ್ಬಿಸಿ ಅಜೋವ್ ಸಮುದ್ರದ ದಡಕ್ಕೆ ಕಳಿಸಿತು. ಮರಿಯುಪೋಲ್ ಸುತ್ತಲಿನ ಗ್ರೀಕ್ ಹಳ್ಳಿಗಳು ಹುಟ್ಟಿದ್ದು ಹಾಗೆ. ಅವುಗಳಲ್ಲಿ ಕೆಲವರ ಮಾತು ಗ್ರೀಕ್, ಕೆಲವರದು ತುರ್ಕಿ ಬಳಗದ್ದು. ಗ್ರೀಕ್ ಆಡುವವರು ರುಮೆಯಿ, ತುರ್ಕಿ ಬಳಗದ ಮಾತಿನವರು ಉರುಮ್. ಎರಡೂ ಅದೇ ‘ರೂಮ್’.