ಎತ್ತರ ಹೆಚ್ಚಿದಷ್ಟೂ ಹತ್ತಿರವಾಗುವ ಹಡಗು

ವಿಜಯಪುರದ ಉಪ್ಲಿ ಬುರುಜಿನ ಎತ್ತರ ಸುಮಾರು 80 ಅಡಿ. ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು ಹತ್ತಿ ನೆತ್ತಿಯ ಮೇಲೆ ನಿಂತರೆ, ಸಪಾಟು ನೆಲದಲ್ಲಿ 17 ಕಿ.ಮೀ. ಆಚೆಗಿನ ದಿಗಂತದವರೆಗೆ ಕಣ್ಣು ಹಾಯಬೇಕು. ಹಗೆಯ ದಂಡನ್ನು ದೂರದಿಂದಲೇ ಕಾಣಲೆಂದು ಆದಿಲ್‌ಶಾಹಿ ಕಾಲದಲ್ಲಿ ಕಟ್ಟಿದ ಈ ಬುರುಜಿಗೂ ಕಡಲ ದಂಡೆಯ ದೀಪಸ್ತಂಭಕ್ಕೂ ಗಣಿತ ಒಂದೇ. ಭೂಮಿ ದುಂಡಗಿದೆ, ದೂರ ನೋಡಬೇಕೆಂದರೆ ಮೇಲೇರಬೇಕು.

ಹಡಗುಗಳ ಸ್ವಯಂಚಾಲಿತ ಗುರುತು ವ್ಯವಸ್ಥೆ, ಅಂದರೆ ಎಐಎಸ್, ನಿಂತಿರುವುದು ಈ ಗಣಿತದ ಮೇಲೆಯೇ. ಅಂತರರಾಷ್ಟ್ರೀಯ ಸಂಚಾರದ ಒಟ್ಟು ಟನ್ನೇಜ್ (ಹಡಗಿನ ಒಳಗಾತ್ರದ ಅಳತೆ) 300 ಅಥವಾ ಅದಕ್ಕೂ ಹೆಚ್ಚಿರುವ ಹಡಗುಗಳಿಗೆ ಇದು ಕಡ್ಡಾಯ. ಹಡಗು ತನ್ನ ಒಂಬತ್ತಂಕಿಯ ಗುರುತು ಸಂಖ್ಯೆ (ಭಾರತದ್ದಾದರೆ ಮೊದಲ ಮೂರಂಕಿ 419), ಜಾಗ, ವೇಗ, ದಿಕ್ಕುಗಳನ್ನು, ಬೆಳಕಿನಂತೆ ಹೆಚ್ಚುಕಡಿಮೆ ನೇರವಾಗಿಯೇ ಹೋಗುವ ವಿಎಚ್‌ಎಫ್ ರೇಡಿಯೊ ಅಲೆಗಳಲ್ಲಿ ಸಾರುತ್ತ ಸಾಗುತ್ತದೆ. ಚಲಿಸುವಾಗ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿದ್ದರೆ ಮೂರು ನಿಮಿಷಕ್ಕೊಮ್ಮೆ.

ಇಷ್ಟು ಹಡಗುಗಳು ಒಟ್ಟಿಗೇ ಕೂಗಿದರೆ ಗದ್ದಲವಾಗುವುದಿಲ್ಲವೆ? ನನಗೆ ಇಡೀ ವ್ಯವಸ್ಥೆಯಲ್ಲಿ ಅತಿ ಸೊಗಸಾಗಿ ಕಂಡದ್ದು ಇದಕ್ಕೆ ಸಿಕ್ಕ ಉತ್ತರ. ಒಂದೊಂದು ಚಾನೆಲ್‌ನಲ್ಲೂ ಪ್ರತಿ ನಿಮಿಷವನ್ನು 2,250 ತುಣುಕು ಮಾಡಿದ್ದಾರೆ. ಜಿಪಿಎಸ್ ಗಡಿಯಾರ ನೋಡಿಕೊಂಡು ಹಡಗು ತನ್ನ ಸರದಿಯಲ್ಲಿ ಮಾತಾಡುತ್ತದೆ, ಮುಂದಿನ ಸರದಿ ಯಾವುದೆಂದು ಆಗಲೇ ಹೇಳಿಡುತ್ತದೆ. ಸರದಿ ಹಂಚುವ ಯಜಮಾನ ಯಾರೂ ಇಲ್ಲ. ದಟ್ಟಣೆಯಾದರೆ ಬಹುದೂರದ ಹಡಗಿನ ಸರದಿಯನ್ನೇ ಹತ್ತಿರದವು ಬಳಸಿಕೊಳ್ಳುತ್ತವೆ. ಡಿಕ್ಕಿ ತಪ್ಪಿಸಬೇಕಾದದ್ದು ಪಕ್ಕದವನ ಜೊತೆಗೇ ತಾನೆ!

ದಂಡೆಯಲ್ಲಿ ಇದನ್ನು ಕೇಳಿಸಿಕೊಳ್ಳಲು 2012ರಲ್ಲಿ ನಮ್ಮ ರಾಷ್ಟ್ರೀಯ ಜಾಲ ಸಿದ್ಧವಾಯಿತು. ಆಂಟೆನಾ ಕೂತದ್ದು 74 ದೀಪಸ್ತಂಭಗಳಲ್ಲಿ. ನೂರು ಮೀಟರ್ ಎತ್ತರದ ಆಂಟೆನಾಗೆ, 25 ಮೀಟರ್ ಎತ್ತರದಲ್ಲಿ ಆಂಟೆನಾ ಇರುವ ಹಡಗು 60 ಕಿ.ಮೀ. ದೂರದಿಂದ ಕೇಳಿಸುತ್ತದೆ. ಅದೇ ಲೆಕ್ಕ ಹಿಡಿದರೆ, ಬೆಳಗಾವಿಯ ಪಶ್ಚಿಮಕ್ಕೆ ಘಟ್ಟದಂಚಿನಲ್ಲಿ 800 ಮೀಟರ್ ಎತ್ತರದ, ಕಡಲ ಕಡೆ ಅಡ್ಡಿಯಿಲ್ಲದ ಜಾಗ ಸಿಕ್ಕರೆ ವ್ಯಾಪ್ತಿ 130 ಕಿ.ಮೀ. ದಾಟುತ್ತದೆ. ಕಡಲಿಲ್ಲದ ಜಿಲ್ಲೆಯವರೂ ಅರಬ್ಬಿ ಸಮುದ್ರಕ್ಕೆ ಕಿವಿಗೊಡಬಹುದು.

ಆದರೆ ಇದು ಹೇಳಿಕೊಂಡವರನ್ನಷ್ಟೇ ಕೇಳಿಸಿಕೊಳ್ಳುವ ಕಿವಿ. ಉಪಕರಣವನ್ನು ಆಫ್ ಮಾಡಿದ ಹಡಗು ಇದರ ಪಾಲಿಗೆ ಇಲ್ಲವೇ ಇಲ್ಲ. 2008ರಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಅಪಹರಿಸಿದ್ದು ಎಐಎಸ್ ಕಡ್ಡಾಯವಿಲ್ಲದ 'ಕುಬೇರ್' ಎಂಬ ಮೀನುಗಾರಿಕೆ ದೋಣಿಯನ್ನು. ಅದಕ್ಕೇ ಕರಾವಳಿ ಕಾವಲು ಪಡೆ ರೇಡಾರ್‌ಗಳ ಸರಪಳಿಯನ್ನೂ ಇಟ್ಟುಕೊಂಡಿದೆ. ರೇಡಾರ್ ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ, ಆದರೆ ಹೆಸರನ್ನೂ ಹೇಳಲಾರದು. ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು.

ಸಣ್ಣ ದೋಣಿಗಳ ಆಂಟೆನಾ ನೀರಿನ ಮಟ್ಟಕ್ಕೆ ಹತ್ತಿರ. ಅವುಗಳ ಮಾತು ದಂಡೆಗೆ ಮುಟ್ಟುವುದೇ ಕಷ್ಟ. 2024ರ ಆಗಸ್ಟ್‌ನಲ್ಲಿ ಚಾಲನೆ ಪಡೆದ ಯೋಜನೆಯೊಂದು ಒಂದು ಲಕ್ಷ ಮೀನುಗಾರಿಕೆ ದೋಣಿಗಳಿಗೆ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಕೊಡಲು ಹೊರಟಿದೆ. ಸಂದೇಶ ಉಪಗ್ರಹದ ಮೂಲಕ ಹೋಗಿಬರುತ್ತದೆ: ದೋಣಿಯಿಂದ ಆಪತ್ತಿನ ಕರೆ, ದಂಡೆಯಿಂದ ಹವಾಮಾನದ ಎಚ್ಚರಿಕೆ. ಮೊಬೈಲ್ ಸಿಗ್ನಲ್ ಸಿಗದ ನೀರಲ್ಲೂ ಇದು ನಡೆಯುತ್ತದೆ.