ಹರಳು ಒಂದು ಕಡೆ, ಕಾಕಂಬಿ ಒಂದು ಕಡೆ: ಒಡೆಯುವ ನ್ಯೂಕ್ಲಿಯಸ್‌ನ ನ್ಯೂಟ್ರಾನ್ ಲೆಕ್ಕ

ಮಂಡ್ಯದವರಿಗೆ ಕಾಕಂಬಿ ಏನು ಅಂತ ಹೇಳಿಕೊಡಬೇಕಿಲ್ಲ. ಕುದಿಸಿ ಗಟ್ಟಿ ಮಾಡಿದ ಕಬ್ಬಿನ ಹಾಲು ಹರಳು ಕಟ್ಟುವಾಗ ಸಕ್ಕರೆಯು ಸಕ್ಕರೆಯನ್ನೇ ಸೇರಿಸಿಕೊಳ್ಳುತ್ತದೆ, ಮಿಕ್ಕಿದ್ದೆಲ್ಲ ಕಾಕಂಬಿ ಪಾಲು. ಯಾರೂ ಕೂತು ಆರಿಸುವುದಿಲ್ಲ. ಕಾದ ನ್ಯೂಕ್ಲಿಯಸ್ (ಪ್ರೋಟಾನ್, ನ್ಯೂಟ್ರಾನ್ ಸೇರಿ ಆದ ಪರಮಾಣುವಿನ ತಿರುಳು) ಚೂರಾಗುವಾಗಲೂ ಹೆಚ್ಚುಕಮ್ಮಿ ಹೀಗೇ ಆಗುತ್ತದೆ. ಅಲ್ಲಿ ಹೊರಗೆ ಬೀಳುವುದು ಹೆಚ್ಚುವರಿ ನ್ಯೂಟ್ರಾನ್.

ಬ್ರಿಟನ್ನಿನ ವಿಜ್ಞಾನಿ ಚಾಡ್ವಿಕ್‌ಗೆ ನ್ಯೂಟ್ರಾನ್ ಸಿಕ್ಕಿದ್ದು 1932ರಲ್ಲಿ. (ನಮ್ಮ ಮೈಷುಗರ್ ಕಂಪನಿ ಹುಟ್ಟಿದ್ದು ಅದರ ಮರುವರ್ಷ, ಸುಮ್ನೆ ನೆನಪಾಯಿತು.) 1935ರಲ್ಲಿ ಜರ್ಮನ್ ವಿಜ್ಞಾನಿ ವೈಟ್ಸೆಕರ್ ನ್ಯೂಕ್ಲಿಯಸ್ಸಿನ ತೂಕಕ್ಕೆ ಒಂದು ಸೂತ್ರ ಕೊಟ್ಟ. ಅದರಲ್ಲಿ ಒಂದು ದಂಡದ ಬಾಬತ್ತು ಇದೆ, ಎರಡರ ಸಂಖ್ಯೆ ಸಮ ಇಲ್ಲದಿದ್ದಕ್ಕೆ ಶಕ್ತಿಯಲ್ಲಿ ತೆರಬೇಕಾದ ದಂಡ: ಒಂದೇ ತೂಕದ ನ್ಯೂಕ್ಲಿಯಸ್‌ನಲ್ಲಿ ನ್ಯೂಟ್ರಾನ್, ಪ್ರೋಟಾನ್ ಸಂಖ್ಯೆಯ ವ್ಯತ್ಯಾಸ ಎರಡರಷ್ಟಾದರೆ ದಂಡ ನಾಲ್ಕರಷ್ಟು. ಹಾಗಿದ್ದರೆ ಸೀಸ-208ರಲ್ಲಿ 82 ಪ್ರೋಟಾನ್‌ಗೆ 126 ನ್ಯೂಟ್ರಾನ್ ಯಾಕೆ? ಪ್ರೋಟಾನ್‌ಗಳು ಒಂದನ್ನೊಂದು ದೂಡುತ್ತವೆ, ಅಷ್ಟು ಜನ ಒಂದೇ ಮನೆಯಲ್ಲಿರಬೇಕಾದರೆ ನಡುವೆ ಜಗಳವಾಡದ ನ್ಯೂಟ್ರಾನ್ ಜಾಸ್ತಿ ಬೇಕು, ದಂಡ ಕಟ್ಟಿಯಾದರೂ.

ದಂಡದ ವಿಷಯ ಆಗಲೇ ಗೊತ್ತಿತ್ತು. ಆದರೆ ನ್ಯೂಕ್ಲಿಯಸ್ ಒಡೆಯುವ ಕಥೆಯಲ್ಲಿ ಅದು ತುಂಬಾ ಕಾಲ ಹಿಂದಿನ ಬೆಂಚಿನಲ್ಲೇ ಕೂತಿತ್ತು. 1982ರಲ್ಲಿ ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ಪರ್ಡ್ಯೂ ತಂಡದವರು ಕ್ರಿಪ್ಟಾನ್, ಕ್ಸೆನಾನ್‌ಗೆ ಪ್ರೋಟಾನ್ ಹೊಡೆದು ಚೂರುಗಳನ್ನು ಎಣಿಸಿದರು. ಸಣ್ಣ ಚೂರೆಷ್ಟು, ದೊಡ್ಡದೆಷ್ಟು ಅಂತ ನೋಡಿದರೆ ಆವಿ ಹನಿಗಟ್ಟುವ ಲೆಕ್ಕವೇ ಅಲ್ಲೂ ಕಂಡಿತು. 1995ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಚಿನ್ನಕ್ಕೆ ಚಿನ್ನ ಗುದ್ದಿಸಿದಾಗ, ಶಕ್ತಿ ಏರಿಸಿದರೂ ತಾಪ ಸುಮಾರು 5 ಎಂಇವಿ (ನ್ಯೂಕ್ಲಿಯಸ್ಸಿನ ಶಕ್ತಿ ಅಳೆಯುವ ಮಾನ) ಹತ್ತಿರ, ಅಂದರೆ 5,800 ಕೋಟಿ ಡಿಗ್ರಿ ಆಸುಪಾಸಿನಲ್ಲಿ, ಒಲೆ ಉರಿ ಜಾಸ್ತಿ ಮಾಡಿದರೂ ಕುದಿಯುವ ನೀರಿನ ಬಿಸಿ ಏರದೆ ನಿಂತ ಹಾಗೆ ನಿಂತುಬಿಟ್ಟಿತು. ದೊಡ್ಡ ಸುದ್ದಿಯಾಯಿತು, ಆಮೇಲೆ ಬೇಕಾದಷ್ಟು ವಾದವೂ ಆಯಿತು.

ಅದೇ ವರ್ಷ ಮ್ಯೂಲರ್ ಮತ್ತು ಸೆರಾಟ್ ಎಂಬ ಇಬ್ಬರು ಭೌತವಿಜ್ಞಾನಿಗಳು ಇಡೀ ಕಥೆಯನ್ನೇ ತಿರುಗಿಸಿದರು, ಸದ್ದಿಲ್ಲದೆ. ನ್ಯೂಕ್ಲಿಯಸ್ಸಿನ ವಸ್ತು ನೀರಿನ ಹಾಗೆ ಒಂದೇ ದ್ರವ ಅಲ್ಲ, ನ್ಯೂಟ್ರಾನ್, ಪ್ರೋಟಾನ್ ಎರಡು ಬೆರೆತ ದ್ರವ ಅಂದರು. ನನಗೆ ಚಿನ್ನದ ಪ್ರಯೋಗಕ್ಕಿಂತ ಇದೇ ದೊಡ್ಡ ಮಾತು ಅನ್ನಿಸುತ್ತದೆ. ಯಾಕೆಂದರೆ ಹಿಗ್ಗಿ ತೆಳುವಾದ ನ್ಯೂಕ್ಲಿಯರ್ ವಸ್ತು ಹಾಗೇ ನಿಲ್ಲಲಾರದು. ಎಲ್ಲೋ ಒಂದಿಷ್ಟು ದಟ್ಟವಾದರೆ ಇನ್ನಷ್ಟನ್ನು ಎಳೆದುಕೊಳ್ಳುತ್ತದೆ, ಪಕ್ಕದ್ದು ಮತ್ತೂ ತೆಳುವಾಗುತ್ತದೆ. ನ್ಯೂಟ್ರಾನ್‌ಗೂ ಪ್ರೋಟಾನ್‌ಗೂ ಪರಸ್ಪರ ಸೆಳೆತ ಜಾಸ್ತಿ, ಹಾಗಾಗಿ ಇವೆರಡೂ ಬೇರೆ ಬೇರೆ ದಿಕ್ಕಿಗೆ ಓಡುವುದಿಲ್ಲ, ಒಟ್ಟಿಗೇ ಗುಡ್ಡೆ ಬೀಳುತ್ತವೆ. ಆದರೆ ದಂಡ ದಟ್ಟ ಜಾಗದಲ್ಲಿ ಜಾಸ್ತಿ, ತೆಳು ಜಾಗದಲ್ಲಿ ಕಮ್ಮಿ. ಹೆಚ್ಚುವರಿ ನ್ಯೂಟ್ರಾನ್ ಎಲ್ಲಿ ಅಗ್ಗವೋ ಅಲ್ಲಿಗೆ ಹೋಗುತ್ತದೆ. ಗುಡ್ಡೆ ಎರಡೂ ಸಮಸಮ ಇರುವ ಕಡೆ ಸರಿಯುತ್ತದೆ, ಸುತ್ತಲಿನ ಅನಿಲ ನ್ಯೂಟ್ರಾನ್‌ಮಯ.

ಹೋಲಿಕೆ ಇಲ್ಲಿ ಸ್ವಲ್ಪ ಕೈಕೊಡುತ್ತದೆ. ಸಕ್ಕರೆ ಹರಳು ಹೆಚ್ಚುಕಮ್ಮಿ ಪೂರ್ತಿ ಶುದ್ಧ, ಈ ಚೂರುಗಳು ಅಷ್ಟಲ್ಲ.

ಇದನ್ನು ಪರೀಕ್ಷಿಸಲು ತವರಕ್ಕಿಂತ ಒಳ್ಳೆಯದು ಬೇಕಾ? ಸ್ಥಿರವಾದ ಐಸೋಟೋಪ್‌ಗಳೇ (ಪ್ರೋಟಾನ್ ಅಷ್ಟೇ, ನ್ಯೂಟ್ರಾನ್ ಮಾತ್ರ ಬೇರೆ ಬೇರೆ ಇರುವ ರೂಪಗಳು) ಹತ್ತು, ಬೇರೆ ಯಾವ ಧಾತುವಿಗೂ ಇಷ್ಟಿಲ್ಲ. ತವರ-112ರಲ್ಲಿ 62 ನ್ಯೂಟ್ರಾನ್, 124ರಲ್ಲಿ 74, ಪ್ರೋಟಾನ್ ಎರಡರಲ್ಲೂ 50. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇವನ್ನು ಗುದ್ದಿಸಿ, ಚೂರುಗಳ ಐಸೋಟೋಪ್ ಪ್ರಮಾಣಗಳನ್ನು ಹೋಲಿಸಿ 2000ದಲ್ಲಿ ಪ್ರಕಟಿಸಿದರು. ಒಟ್ಟು ವಸ್ತುವಿನಲ್ಲಿ ನ್ಯೂಟ್ರಾನ್ ಏರಿದ್ದಕ್ಕಿಂತ ಅನಿಲದಲ್ಲಿ ಏರಿದ್ದೇ ಜಾಸ್ತಿ. ಕಾಕಂಬಿ ಸಿಕ್ಕಿತು ಅಂತಲೇ ಅನ್ನಿ.

ಈಗಿನ ತಕರಾರು ಬೇರೆ. ವಸ್ತು ತೆಳುವಾದ ಹಾಗೆ ದಂಡ ಎಷ್ಟು ಜೋರಾಗಿ ಇಳಿಯುತ್ತದೆ? ನ್ಯೂಟ್ರಾನ್ ತಾರೆ ಎಷ್ಟು ದಪ್ಪ ಎಂಬುದೂ ಈ ಲೆಕ್ಕಕ್ಕೆ ಅಂಟಿಕೊಂಡಿದೆ. 2021ರಲ್ಲಿ ಅಮೆರಿಕದ ಜೆಫರ್ಸನ್ ಲ್ಯಾಬ್ ಸೀಸದ ನ್ಯೂಟ್ರಾನ್ ಸಿಪ್ಪೆ (ಪ್ರೋಟಾನ್‌ಗಳಿಗಿಂತ ನ್ಯೂಟ್ರಾನ್ ಎಷ್ಟು ಹೊರಗೆ ಚಾಚಿವೆ ಅನ್ನುವುದು) ಅಳೆದು ಸುಮಾರು 0.28 ಫೆಮ್ಟೋಮೀಟರ್ (ಮೀಟರಿನ ಕೋಟಿ ಕೋಟಿಯಲ್ಲಿ ಒಂದರ ಹತ್ತನೇ ಒಂದು ಪಾಲು ಒಂದು ಫೆಮ್ಟೋಮೀಟರ್) ಅಂದಿತು, ಸಿಪ್ಪೆ ದಪ್ಪ, ಅಂದರೆ ಇಳಿತ ಕಡಿದಾದದ್ದು. ಮರುವರ್ಷ ಅದೇ ಲ್ಯಾಬ್ ಕ್ಯಾಲ್ಸಿಯಂ-48 ಅಳೆಯಿತು. ಬಂದಿದ್ದು 0.12, ಸಿಪ್ಪೆ ತೆಳು, ಅದು ನೋಡಿದರೆ ಇಳಿತ ಮೆತ್ತಗೆ.