‘ಎವ್ರಿಒನ್‌ಗೆ ಫುಲ್ ಕಂಟ್ರೋಲ್ ಕೊಟ್ಬಿಡ್ಲಾ ಸರ್?’

ಪ್ರಶ್ನೆ: ದಾವಣಗೆರೆಯ ಕಾಲೇಜೊಂದರ ಲ್ಯಾಬ್ ನೋಡಿಕೊಳ್ತೀನಿ ಸರ್. ಸ್ಟೂಡೆಂಟ್‌ಗಳಿಗೆ ಕಂಟ್ರೋಲ್ ಪ್ಯಾನೆಲ್ ಕಾಣಬಾರದು ಅಂತ ಗ್ರೂಪ್ ಪಾಲಿಸಿ (ವಿಂಡೋಸ್ ಸರ್ವರ್‌ನಿಂದ ಎಲ್ಲಾ ಮಷಿನ್‌ಗೆ ಕಳಿಸೋ ಸೆಟ್ಟಿಂಗ್) ಮಾಡಿದೆ. ಅವರ ಗ್ರೂಪಿಗೆ ಮಾತ್ರ ಅಂತ ಫಿಲ್ಟರ್ ಹಾಕಿದೆ. ಪಾಲಿಸಿ ಬರ್ತಾನೇ ಇಲ್ಲ. ರಿಪೋರ್ಟ್‌ನಲ್ಲಿ ‘ಇನ್‌ಆಕ್ಸೆಸಿಬಲ್’ ಅಂತಿದೆ. ಸಿಸ್‌ವಾಲ್ ಫೋಲ್ಡರ್‌ಗೆ (ಸರ್ವರ್‌ನಲ್ಲಿ ಪಾಲಿಸಿಗಳ ಫೈಲ್ ಇರೋ ಜಾಗ) ಎವ್ರಿಒನ್ ಫುಲ್ ಕಂಟ್ರೋಲ್, ಅಂದರೆ ಎಲ್ಲರಿಗೂ ಓದೋ, ಬರೆಯೋ, ಅಳಿಸೋ ಹಕ್ಕು ಕೊಟ್ರೆ ಸರಿಹೋಗುತ್ತೆ ಅಂತಾರೆ. ಕೊಡ್ಲಾ?

ಉತ್ತರ: ಬೇಡ.

ಇದಕ್ಕೆ ಉತ್ತರ ಹೇಳ್ತಿರೋದು ಎಷ್ಟನೇ ಸಲವೋ ಲೆಕ್ಕ ಬಿಟ್ಟಿದ್ದೇನೆ. ಬೆಣ್ಣೆ ದೋಸೆ ಬಾಯಲ್ಲಿದ್ದಾಗ ಒಬ್ಬರು ಕೇಳಿದ್ದಾರೆ, ಚಿತ್ರದುರ್ಗದ ಬಸ್ಸಲ್ಲಿ ನಿಂತಿದ್ದಾಗ ಫೋನ್ ಮಾಡಿ ಇನ್ನೊಬ್ಬರು.

ಅಸಲು ಕಾರಣ ಚಿಕ್ಕದು. ಫಿಲ್ಟರ್ ಹಾಕುವಾಗ ನೀವು ‘ಆಥೆಂಟಿಕೇಟೆಡ್ ಯೂಸರ್ಸ್’ (ಲಾಗಿನ್ ಆದ ಎಲ್ಲಾ ಯೂಸರ್, ಕಂಪ್ಯೂಟರ್ ಖಾತೆಗಳ ಗ್ರೂಪ್) ತೆಗೆದು, ಆ ಜಾಗಕ್ಕೆ ಸ್ಟೂಡೆಂಟ್ ಗ್ರೂಪ್ ಸೇರಿಸಿದ್ದೀರಿ. 2016ರ ಜೂನ್‌ಗೆ ಮುಂಚೆ ಇದು ನಡೀತಿತ್ತು. ಆ ತಿಂಗಳು ಮೈಕ್ರೋಸಾಫ್ಟ್ ಎಂಎಸ್16-072 ಅನ್ನೋ ಸೆಕ್ಯುರಿಟಿ ಅಪ್‌ಡೇಟ್ ಬಿಟ್ಟಿತು. ಅಲ್ಲಿಂದ ಈಚೆಗೆ ಯೂಸರ್ ಪಾಲಿಸಿಯನ್ನೂ ಸರ್ವರ್‌ನಿಂದ ತರೋದು ಕಂಪ್ಯೂಟರ್‌ನ ಖಾತೆ. ಮೊದಲು ರೇಷನ್ ತರೋಕೆ ಮನೆ ಯಜಮಾನ ಹೋಗ್ತಿದ್ದ, ಈಗ ಮಗ ಹೋಗ್ತಾನೆ ಅಂದುಕೊಳ್ಳಿ. ಕಾರ್ಡಲ್ಲಿ ಮಗನ ಹೆಸರಿಲ್ಲ. ಬರಿಗೈಲಿ ವಾಪಸ್.

ಗ್ರೂಪ್ ಪಾಲಿಸಿ ಮ್ಯಾನೇಜ್‌ಮೆಂಟ್‌ನಲ್ಲಿ ಆ ಪಾಲಿಸಿ ತೆರೆದು, ‘ಡೆಲಿಗೇಶನ್’ ಟ್ಯಾಬ್‌ನಲ್ಲಿ ‘ಡೊಮೈನ್ ಕಂಪ್ಯೂಟರ್ಸ್’ (ಡೊಮೈನ್, ಅಂದರೆ ನಿಮ್ಮ ಸರ್ವರ್ ಕೆಳಗಿನ ನೆಟ್‌ವರ್ಕ್‌ಗೆ ಸೇರಿದ ಎಲ್ಲಾ ಕಂಪ್ಯೂಟರ್) ಸೇರಿಸಿ. ಬರೀ ‘ರೀಡ್’ ಕೊಡಿ, ‘ಅಪ್ಲೈ’ ಬೇಡ. ‘ಅಪ್ಲೈ’ ಸ್ಟೂಡೆಂಟ್ ಗ್ರೂಪಿಗಷ್ಟೇ ಇರಲಿ. ಆಮೇಲೆ ‘ಜಿಪಿಅಪ್‌ಡೇಟ್’ ಕಮಾಂಡ್ ಕೊಟ್ಟು ಲಾಗಾಫ್ ಆಗಿ ಬನ್ನಿ. ಸುಮ್ನೆ ಬಿಟ್ಟರೆ ಪಾಲಿಸಿ ತಾನಾಗಿ ಹೊಸದಾಗೋಕೆ 90 ನಿಮಿಷ, ಅದರ ಮೇಲೆ 30 ನಿಮಿಷದವರೆಗೆ ಹಿಡಿಯುತ್ತೆ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. (ಇವೆಂಟ್ ವ್ಯೂವರ್‌ನಲ್ಲಿ 1058 ನಂಬರಿನ ಎರರ್ ಕಂಡರೆ ದಾರಿ ಬೇರೆ. ಅದಕ್ಕೆ ಡಿಎನ್‌ಎಸ್, ನೆಟ್‌ವರ್ಕ್ ಕಡೆಯಿಂದ ನೋಡ್ತಾ ಬನ್ನಿ.)

ಈಗ ಆ ಎವ್ರಿಒನ್ ಕಥೆಗೆ ಬರೋಣ. ಇದನ್ನು ಯಾರು ಹಬ್ಬಿಸಿದರೋ ಗೊತ್ತಿಲ್ಲ, ಸಾಯ್ತಾನೇ ಇಲ್ಲ.

ಒಂದು ಪಾಲಿಸಿ ಅಂದರೆ ಎರಡು ತುಂಡು. ಒಂದು ಆಕ್ಟಿವ್ ಡೈರೆಕ್ಟರಿ (ಡೊಮೈನ್‌ನ ಖಾತೆಗಳೆಲ್ಲ ಇರೋ ದಾಖಲೆ) ಒಳಗೆ, ಇನ್ನೊಂದು ಸಿಸ್‌ವಾಲ್‌ನಲ್ಲಿರೋ ಫೋಲ್ಡರ್. ಎರಡಕ್ಕೂ ಬೇರೆ ಬೇರೆ ಪರ್ಮಿಷನ್. ನೀವು ಫೋಲ್ಡರ್‌ನ ಬಾಗಿಲಷ್ಟೇ ತೆಗೆದಿರಿ ಅನ್ನಿ, ಡೈರೆಕ್ಟರಿ ಬಾಗಿಲು ಮುಚ್ಚೇ ಇದೆ. ಪಾಲಿಸಿ ಹೇಗೆ ಬರುತ್ತೆ? ಮೇಲಾಗಿ, ಮುಂದಿನ ಸಲ ಆ ಪಾಲಿಸಿ ಮೇಲೆ ಕ್ಲಿಕ್ ಮಾಡಿದಾಗ ‘ಎರಡರ ಪರ್ಮಿಷನ್ ಹೊಂದ್ತಿಲ್ಲ’ ಅಂತ ಕೇಳುತ್ತೆ. ಓಕೆ ಒತ್ತಿದರೆ ಡೈರೆಕ್ಟರಿಯಲ್ಲಿ ಇರೋದನ್ನೇ ಫೋಲ್ಡರ್ ಮೇಲೆ ಬರೆಯುತ್ತೆ. ನೀವು ಕೊಟ್ಟ ಎವ್ರಿಒನ್ ಅಲ್ಲಿಗೆ ಮಾಯ.

‘ಇಲ್ಲ ಸರ್, ನಾನು ಡೆಲಿಗೇಶನ್‌ನಲ್ಲೇ ಎವ್ರಿಒನ್‌ಗೆ ಎಲ್ಲಾ ಕೊಟ್ಟೆ, ಕೆಲಸ ಮಾಡ್ತು’ ಅನ್ನೋರೂ ಇದ್ದಾರೆ. ಮಾಡುತ್ತೆ ಸ್ವಾಮಿ, ಯಾಕೆ ಮಾಡಲ್ಲ? ಎವ್ರಿಒನ್ ಒಳಗೆ ಕಂಪ್ಯೂಟರ್ ಖಾತೆಗಳೂ ಬರುತ್ತವೆ. ಅವಕ್ಕೆ ರೀಡ್ ಸಿಕ್ಕಿತು, ಪಾಲಿಸಿ ಬಂತು. ಕೆಲಸ ಮಾಡಿದ್ದು ರೀಡ್, ಹೆಸರು ಬಂದಿದ್ದು ಫುಲ್ ಕಂಟ್ರೋಲ್‌ಗೆ.

ಹಾಗೆ ಕೊಟ್ಟರೆ ಏನಾಗುತ್ತೆ ಅಂತ ಯೋಚಿಸಿದ್ದೀರಾ? ಲಾಗಾನ್ ಸ್ಕ್ರಿಪ್ಟ್‌ಗಳು ಇರೋದೂ ಅದೇ ಫೋಲ್ಡರ್‌ನಲ್ಲಿ. ಎರಡನೇ ಸೆಮಿಸ್ಟರ್ ಹುಡುಗನೊಬ್ಬ ಅದರಲ್ಲಿ ಒಂದು ಸಾಲು ಸೇರಿಸಿದ ಅನ್ನಿ. ಆ ಸ್ಕ್ರಿಪ್ಟ್ ಯಾರ್‍ಯಾರಿಗೆ ಹಾಕಿದ್ದೀರೋ ಅವರೆಲ್ಲ ಲಾಗಿನ್ ಆದಾಗ ಆ ಸಾಲು ಓಡುತ್ತೆ. ಅದರಲ್ಲಿ ಅಡ್ಮಿನ್ ಆದ ನೀವೂ ಇದ್ದರೆ, ಅವನ ಸಾಲು ನಿಮ್ಮ ಹಕ್ಕಿನಲ್ಲಿ ಓಡುತ್ತೆ. ಲ್ಯಾಬ್ ಹುಡುಗರ ಕೈಗೆ ಡೊಮೈನ್ ಒಪ್ಪಿಸಿದ ಹಾಗಾಯ್ತು ಅಲ್ವಾ? ಅವರಲ್ಲಿ ಜಾಣರು ಜಾಸ್ತಿ ಇರ್ತಾರೆ, ಕಲಿಸಿದವನು ನಾನೇ, ಗೊತ್ತು.

ಬರೆಯೋ ಹಕ್ಕು ಕೊಡಬೇಡಿ ಅಂದೆ. ಆದರೆ ನಿಮ್ಮ ಹಾಗೆ ಫಿಲ್ಟರ್ ಹಾಕಿದ ಪಾಲಿಸಿಯ ಫೋಲ್ಡರ್ ಬಿಟ್ಟರೆ, ಸಿಸ್‌ವಾಲ್ ಓದೋ ಹಕ್ಕು ಡೊಮೈನ್‌ನ ಪ್ರತಿ ಖಾತೆಗೂ ಮೊದಲಿಂದಲೇ ಇದೆ, ಇರಲೇಬೇಕು. ಇಲ್ಲಿ ನೀವು ಕೇಳದ ಒಂದು ವಿಷಯ ಹೇಳಿಬಿಡ್ತೀನಿ. ಸರ್ವರ್ 2008ರ ಕಾಲದಲ್ಲಿ ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್ ಅನ್ನೋ ಸೌಲಭ್ಯ ಬಂದಾಗ, ಎಲ್ಲಾ ಮಷಿನ್‌ನ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಅದರಿಂದಲೇ ಹಾಕಬಹುದಿತ್ತು. ನಾವೆಲ್ಲ ಖುಷಿಯಿಂದ ಹಾಕಿದೆವು. ಆ ಪಾಸ್‌ವರ್ಡ್ ಸಿಸ್‌ವಾಲ್‌ನ ಒಂದು ಎಕ್ಸ್‌ಎಂಎಲ್ ಫೈಲ್‌ನಲ್ಲಿ ಕೂರುತ್ತಿತ್ತು. ಎನ್‌ಕ್ರಿಪ್ಟ್ ಆಗಿತ್ತು ನಿಜ, ಆದರೆ ಅದನ್ನು ಬಿಡಿಸೋ ಕೀ ಎಲ್ಲಾ ಕಡೆ ಒಂದೇ, ಅದನ್ನು ಮೈಕ್ರೋಸಾಫ್ಟೇ ತನ್ನ ದಾಖಲೆಯಲ್ಲಿ ಪ್ರಕಟಿಸಿತ್ತು! 2014ರ ಮೇ ತಿಂಗಳ ಅಪ್‌ಡೇಟ್ ಹೊಸದಾಗಿ ಪಾಸ್‌ವರ್ಡ್ ಹಾಕೋದನ್ನು ತಡೆಯಿತು. ಹಳೇ ಫೈಲ್‌ಗಳನ್ನು ಅಳಿಸಲಿಲ್ಲ.

ನಿಮ್ಮ ಡೊಮೈನ್ ಆ ಕಾಲದಿಂದಲೂ ನಡೆದು ಬಂದಿದ್ದರೆ, ಸಿಸ್‌ವಾಲ್ ಒಳಗಿನ ಎಕ್ಸ್‌ಎಂಎಲ್ ಫೈಲ್‌ಗಳಲ್ಲಿ ‘ಸಿಪಾಸ್‌ವರ್ಡ್’ (cpassword) ಅನ್ನೋ ಪದ ಹುಡುಕಿ. ಇಲ್ಲೇ ಊರಿನ ಒಂದು ಲ್ಯಾಬ್‌ನಲ್ಲಿ ನನಗೆ ಸಿಕ್ಕಿತ್ತು. ಹಾಕಿದ ಪುಣ್ಯಾತ್ಮ ಕೆಲಸ ಬಿಟ್ಟು ಹೋಗಿದ್ದರು, ಪಾಸ್‌ವರ್ಡ್ ಮಾತ್ರ ಎಲ್ಲಾ ಮಷಿನ್‌ನಲ್ಲೂ ಅದೇ ಇತ್ತು. ಸಿಕ್ಕರೆ ಫೈಲ್ ಅಳಿಸಿ ಸುಮ್ಮನಾಗಬೇಡಿ, ಪಾಸ್‌ವರ್ಡನ್ನೂ ಅವತ್ತೇ ಬದಲಿಸಿ. ಮುಂದಕ್ಕೆ ಮೈಕ್ರೋಸಾಫ್ಟ್‌ನದೇ ಟೂಲ್ ಆದ ಲ್ಯಾಪ್ಸ್ (LAPS) ಹಾಕಿಕೊಳ್ಳಿ, ಅದು ಒಂದೊಂದು ಮಷಿನ್‌ಗೆ ಒಂದೊಂದು ಪಾಸ್‌ವರ್ಡ್ ಇಡುತ್ತೆ.